ಹೊಸಬರಿಗೂ ಒಂದು ಸೈಕಲ್ ಹಾದಿ ಬೇಕು

ಮಾನ್ಯರೇ,

ಆನೆಗೊಂದಿ, ಸಾಣಾಪುರದ ಗುಡ್ಡಗಳಲ್ಲಿ ಮೌಂಟೇನ್ ಬೈಕ್ (ಗುಡ್ಡಗಾಡಿನ ಸೈಕಲ್) ಓಡಿಸುವುದೆಂದರೆ ಬಂಡೆಗಳ ಜೊತೆ ಗುದ್ದಾಟ. ಗ್ರಾನೈಟ್ ಬಂಡೆ ಮೇಲೆ ತೆಳ್ಳಗೆ ಉದುರು ಮರಳು ಕೂತಿರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರಿಯೇ ಬಿಡುತ್ತದೆ. ಪಳಗಿದವರಿಗೆ ಅದೇ ಮಜಾ. ಸುಲಭ ಮಾಡುತ್ತೇವೆಂದು ಆ ಕಲ್ಲುಗಳನ್ನು ದಯವಿಟ್ಟು ಕೀಳಬೇಡಿ.

ಆದರೆ ಹೊಸಬರು, ಶಾಲೆ ಮಕ್ಕಳು ಎಲ್ಲಿ ಕಲಿಯಬೇಕು? ಗುಡ್ಡದ ಬುಡದ ಮಣ್ಣಿನಲ್ಲಿ ಸಲೀಸಾಗಿ ಓಡುವ, ತಿರುವಿನಲ್ಲಿ ಹೊರ ಅಂಚು ಎತ್ತರಿಸಿದ ಹಾದಿ ಒಂದಾದರೂ ಬೇಕು ಅಲ್ವಾ? ಅದು ಇಳಿಜಾರಿಗೆ ಅಡ್ಡಡ್ಡ ಸಾಗಬೇಕು. ನೇರ ಇಳಿಸಿದರೆ ಮಳೆನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಹಳೆಯ ಕೋಟೆಗೋಡೆ, ಮಂಟಪಗಳ ಹತ್ತಿರ ಮಾತ್ರ ಬೇಡವೇ ಬೇಡ. ಪ್ರವಾಸೋದ್ಯಮ ಇಲಾಖೆ ಮೊದಲು ಸವಾರರನ್ನೂ ಊರವರನ್ನೂ ಕೂರಿಸಿ ಮಾತಾಡಲಿ.

– ಒಬ್ಬ ಸೈಕಲ್ ಸವಾರ, ಗಂಗಾವತಿ