ಸಾಲದ ಮೇಲೆ ಸಾಲ ಮಾಡಿ ಇನ್ನೊಂದು ಕಂಪನಿ ಕೊಳ್ಬೇಕಾ?

ಸಂಪಾದಕರಿಗೆ ನಮಸ್ಕಾರ,

ರಿಟೈರ್ ಆದ್ಮೇಲೆ ಒಂದು ಸಣ್ಣ ಆಯಿಲ್ ಕಂಪನಿ ಷೇರು ತಗೊಂಡಿದ್ದೆ, ಹೆಸ್ರು ಬೇಡ ಬಿಡಿ. ಈಗ ಅವ್ರು ಇರೋ ಸಾಲ ತೀರಿಸೋ ಬದ್ಲು ಮತ್ತೆ ಸಾಲ ಎತ್ತಿ ಇನ್ನೊಂದು ಕಂಪನಿ ಕೊಳ್ತೀವಿ ಅಂತಿದಾರೆ, ಮೀಟಿಂಗಲ್ಲಿ ಕೆಲವ್ರು ಸೈ ಅಂದ್ರು, ಉಳಿದೋರು ಬಡ್ಡಿ ಯಾರಪ್ಪ ಕಟ್ಟೋದು ಅಂತ ಕೂಗಾಡಿದ್ರು, ನಾನೂ ಆ ಕಡೆಯವ್ನೇ.

ಎಣ್ಣೆ ರೇಟು ನಂಬಿ ಸಾಲ ಮಾಡೋದಂದ್ರೆ ಒಂದಿನ ಬಂಗಡೆ ಚೆನ್ನಾಗಿ ಬಿತ್ತು ಅಂತ ಹೊಸ ಬೋಟು ಬುಕ್ ಮಾಡ್ದಂಗೆ. 2008ರ ಜುಲೈನಲ್ಲಿ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು, 2020ರ ಏಪ್ರಿಲ್ 20ಕ್ಕೆ ಅಮೆರಿಕದ ಎಣ್ಣೆ ಮೈನಸ್ 37 ಡಾಲರ್‌ಗೆ ಇಳೀತು, ಅಂದ್ರೆ ಮಾರೋರೇ ಕೈಯಿಂದ ದುಡ್ಡು ಕೊಟ್ಟು ಎಣ್ಣೆ ಸಾಗಹಾಕೋ ಸ್ಥಿತಿ, ಬಡ್ಡಿ ಮಾತ್ರ ಮೈನಸ್ ಆಗ್ಲಿಲ್ಲ ಮಾರಾಯ್ರೆ!

ನಮ್ಮ ಕರಾವಳಿದೇ ಎಂಆರ್‌ಪಿಎಲ್, ಮಂಗಳೂರಿನ ಎಣ್ಣೆ ಶುದ್ಧೀಕರಣ ಕಂಪನಿ, ನೋಡಿ. ಸಾಲದಲ್ಲಿ ಮುಳುಗಿದ್ದಾಗ 2003ರಲ್ಲಿ ಸರ್ಕಾರಿ ಎಣ್ಣೆ ಕಂಪನಿ ಓಎನ್‌ಜಿಸಿ ಬಂದು ಬಿರ್ಲಾ ಗ್ರೂಪ್ ಪಾಲು ತಗೊಂಡು ಮೇಲಿಂದ 600 ಕೋಟಿ ಬಂಡವಾಳನೂ ಹಾಕ್ತು, ಅಂದ್ರೆ ಕೊಂಡೋರ ಕೈಲಿ ದುಡ್ಡಿತ್ತು. ನಮ್ಮೋರ ಕೈಲಿರೋದು ಬರೀ ಪವರ್‌ಪಾಯಿಂಟು.

ಇನ್ನೊಂದು, ನಮ್ಮೋರು ಕೊಳ್ಳೋಕೆ ಹೊರಟ ಕಂಪನಿ ಲಿಸ್ಟೆಡ್ (ಷೇರುಪೇಟೆಲಿ ವಹಿವಾಟಾಗೋದು) ಆಗಿದ್ರೆ, ಪಾಲು 25 ಪರ್ಸೆಂಟ್ ಮುಟ್ಟಿದ ಕೂಡ್ಲೇ ಷೇರುಪೇಟೆ ನಿಯಂತ್ರಿಸೋ ಸೆಬಿ ರೂಲ್ ಪ್ರಕಾರ ಇನ್ನೂ 26 ಪರ್ಸೆಂಟ್‌ಗೆ ಓಪನ್ ಆಫರ್ ಕೊಡ್ಬೇಕು, ಅಂದ್ರೆ ಉಳಿದ ಷೇರುದಾರರಿಗೆ ನಿಮ್ಮ ಷೇರು ನಾವು ಕೊಳ್ತೀವಿ ಅನ್ಬೇಕು, ಆ ದುಡ್ಡು ಎಲ್ಲಿಂದ ಅಂತ ಕೇಳಿದ್ರೆ ಮುಂದಿನ ಪ್ರಶ್ನೆಗೆ ಹೋದ್ರು.

ಕಾರವಾರ, ಅಂಕೋಲಾ, ಶಿರಸಿ ಕಡೆ ಇಂಥ ಷೇರು ಇಟ್ಕೊಂಡೋರು ಇಂಥ ಪ್ರಸ್ತಾಪಕ್ಕೆ ವೋಟ್ ಹಾಕಿ ಅಂತ ಬಂದ ಇಮೇಲ್ ಡಿಲೀಟ್ ಮಾಡ್ಬೇಡಿ, ಈ-ವೋಟಿಂಗ್ ಮೊಬೈಲಲ್ಲೇ ಆಗುತ್ತೆ, ಒಂದ್ಸಲ ಓದಿ ಒತ್ತಿ.

– ಒಬ್ಬ ಸಣ್ಣ ಷೇರುದಾರ, ಕೋಡಿಬಾಗ, ಕಾರವಾರ