ಗ್ರಾಮಸಭೆ ಸಂಜೆ ಇಡಿ: ಪಂಚಾಯತ್ ರಾಜ್ ಸಚಿವರಿಗೊಂದು ಬಹಿರಂಗ ಪತ್ರ

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ ನಮಸ್ಕಾರಗಳು.

ಕಳೆದ ಗ್ರಾಮಸಭೆ ನಮ್ಮಲ್ಲಿ ಬೆಳಿಗ್ಗೆ 11 ಗಂಟೆಗಿತ್ತು. ಆ ಹೊತ್ತಿಗೆ ಹೆಂಗಸರು ಕೂಲಿಗೆ ಹೋಗಿರುತ್ತಾರೆ. ಹುಡುಗ ಹುಡುಗಿಯರು ಕಾಲೇಜಿಗೋ ಫ್ಯಾಕ್ಟರಿಗೋ ಬಸ್ ಹತ್ತಿರುತ್ತಾರೆ. ನಾನು ಕೆಲಸ ಬಿಟ್ಟು ಹೋಗಿದ್ದೆ. ಬಂದಿದ್ದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಸಂಜೆ ಹಾಜರಿ ಪುಸ್ತಕ ನಮ್ಮ ಬೀದಿಗೆ ಬಂತು. ಪಕ್ಕದ ಮನೆ ಅಕ್ಕ ಹೊಲದಿಂದ ಬಂದು ಆಗಷ್ಟೇ ಕೈಕಾಲು ತೊಳೆಯುತ್ತಿದ್ದರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದರು. "ಯಾತಕ್ಕೆ ಅಕ್ಕಾ?" ಅಂದೆ. "ಗೊತ್ತಿಲ್ಲಮ್ಮ, ಮನೆ ಪಟ್ಟಿಗೇನೋ ಇರಬೇಕು" ಅಂದರು. ಅಲ್ಲಿಗೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದಷ್ಟು ಹಾಜರಿ, ಭರ್ತಿಯಾಯಿತು.

ಸರ್, ಅಬ್ದುಲ್ ನಜೀರ್ ಸಾಬ್ ಅವರು ನಿಮ್ಮ ಜಾಗದಲ್ಲಿದ್ದಾಗ ಬಂದ 1983ರ ಪಂಚಾಯತ್ ಕಾಯ್ದೆಯಲ್ಲೇ ಹೆಂಗಸರಿಗೆ ಶೇ 25 ಸ್ಥಾನ ಇತ್ತು. 1987ರ ಚುನಾವಣೆಯಲ್ಲಿ ಹೆಂಗಸರು ಗೆದ್ದು ಬಂದು ಕೂತರು. ದೇಶಕ್ಕೆಲ್ಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ. ನಮ್ಮ ರಾಜ್ಯ ಅಷ್ಟು ಮುಂದಿತ್ತು. 2010ರಿಂದ ಅರ್ಧ ಸೀಟು ನಮ್ಮವೇ. ಇಷ್ಟಾದರೂ ಎಷ್ಟೋ ಕಡೆ ಅಧ್ಯಕ್ಷೆಯ ಬದಲು ಅವರ ಗಂಡನೇ ಮಾತಾಡುತ್ತಾನೆ ಎಂಬ ದೂರು ನಿಮಗೂ ಬಂದಿರುತ್ತದೆ. ಆತನನ್ನು ಹೊರಗೆ ಕಳಿಸಬೇಕು, ಸರಿ. ಆದರೆ ಎದುರಿಗೆ ಬರೀ ಗಂಡಸರೇ ಕೂತಿದ್ದರೆ ಆಕೆ ಒಬ್ಬಳೇ ಏನು ಮಾತಾಡಿಯಾಳು? ಬೀದಿಯ ಹೆಂಗಸರು ಬಂದು ಮುಂದೆ ಕೂತರೆ ಆಕೆಗೂ ಬಾಯಿ ಬರುತ್ತದೆ.

ನಮ್ಮವರಿಗೆ ಲೆಕ್ಕ ತಿಳಿಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಸಲ ನಮ್ಮ ಮಹಿಳಾ ಸ್ವಸಹಾಯ ಸಂಘದ ಸಭೆಗೆ ಬನ್ನಿ. ಅಡುಗೆ ಮುಗಿಸಿ ರಾತ್ರಿ ಬಂದು ಕೂರುತ್ತಾರೆ. ಯಾರ ಕಂತು ಬಾಕಿ, ಬಡ್ಡಿ ಎಷ್ಟಾಯಿತು, ಪುಸ್ತಕ ನೋಡದೆ ಹೇಳುತ್ತಾರೆ. ಐದು ರೂಪಾಯಿ ತಾಳೆಯಾಗದಿದ್ದರೆ ಯಾರೂ ಎದ್ದು ಹೋಗುವ ಹಾಗಿಲ್ಲ. ಆ ಕಣ್ಣು ಪಂಚಾಯಿತಿಯ ಕ್ರಿಯಾ ಯೋಜನೆ ಮೇಲೂ ಬೀಳಬೇಕು ಅಲ್ವಾ?

ಅದಕ್ಕೆ ಕೇಳುತ್ತಿರುವುದು ಇಷ್ಟೇ. ಗ್ರಾಮಸಭೆ, ವಾರ್ಡ್ ಸಭೆ ಸಂಜೆ ಆರರ ಮೇಲೆ ಇಡಿ, ಇಲ್ಲವೇ ಭಾನುವಾರ ಇಡಿ. ನೋಟಿಸನ್ನು ಕಚೇರಿಯ ಬೋರ್ಡಿಗೆ ಅಂಟಿಸಿ ಸುಮ್ಮನಾಗದೆ ಸಂಘಗಳಿಗೆ ವಾರ ಮೊದಲೇ ತಲುಪಿಸಿ. ಮಹಿಳಾ ಗ್ರಾಮಸಭೆಯಲ್ಲಿ ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿರಲಿ. ಗ್ರಾಮಸಭೆಯಲ್ಲಿ ಮೊದಲು ಅದನ್ನೇ ಓದಲಿ. ಹಾಜರಿ ಪುಸ್ತಕ ಸಭೆ ಬಿಟ್ಟು ಆಚೆ ಹೋಗಬಾರದು.

ಇನ್ನು ಹುಡುಗ ಹುಡುಗಿಯರ ವಿಷಯ. ಚುನಾವಣೆಗೆ ನಿಲ್ಲಲು 21 ಆಗಬೇಕು, ನಿಜ. ಆದರೆ 18 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅವರೂ ಗ್ರಾಮಸಭೆಯ ಸದಸ್ಯರೇ. ಇದನ್ನು ಅವರಿಗೆ ಯಾರೂ ಹೇಳಿಯೇ ಇಲ್ಲ. ಬ್ಯಾನರ್ ಕಟ್ಟಲು, ಬೈಕ್ ರ‍್ಯಾಲಿಗೆ ಕರೆಯುತ್ತಾರೆ, ಪಂಚಾಯಿತಿಯ ವರ್ಷದ ಲೆಕ್ಕ, ಕಾಮಗಾರಿ ಜನರೆದುರು ತಪಾಸಣೆ ಮಾಡುವ ಜಮಾಬಂದಿಗೆ ಕರೆಯಲ್ಲ. ಪಂಚಾಯಿತಿ ಲೈಬ್ರರಿಗಳನ್ನು ಅರಿವು ಕೇಂದ್ರ ಮಾಡಿದ್ದೀರಿ, ತುಂಬ ಒಳ್ಳೆಯ ಕೆಲಸ. ಜಮಾಬಂದಿಗೆ ಮೊದಲು ಕಾಮಗಾರಿ ಪಟ್ಟಿ, ಬಿಲ್ ಮೊತ್ತ ಎರಡನ್ನೂ ಅಲ್ಲಿ ಮೇಜಿನ ಮೇಲೆ ಇಡಿಸಿ. ಕಾಲೇಜು ಹುಡುಗಿಯೊಬ್ಬಳು ಆ ಪಟ್ಟಿ ಹಿಡಿದು ತನ್ನ ಬೀದಿಯ ಚರಂಡಿ ಪಕ್ಕ ನಿಂತು ಫೋಟೊ ತೆಗೆಯಲಿ. ಸಭೆಯಲ್ಲಿ ಕೇಳಲು ಅವಳಿಗೆ ಬೇರೆ ತರಬೇತಿ ಬೇಕಾಗಲ್ಲ.

ಮುಂದಿನ ಗ್ರಾಮಸಭೆಗೆ ಮೊದಲು ನಿಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಲಿ. ಹೊತ್ತು ಬದಲಾಯಿಸಲು ದುಡ್ಡೇನೂ ಬೇಕಾಗಿಲ್ಲ.

ಪಕ್ಕದ ಮನೆ ಅಕ್ಕನಿಗೆ, "ಇನ್ಮೇಲೆ ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡಿ" ಅಂತ ಹೇಳಿದ್ದೇನೆ. "ಹಂಗಾದ್ರೆ ಸಭೆ ಸಂಜೆ ಇಡಿಸು, ನಾನೇ ಬರ್ತೀನಿ" ಅಂದರು. ಅವರ ಮಾತನ್ನು ನಿಮಗೆ ಮುಟ್ಟಿಸುತ್ತಿದ್ದೇನೆ.

ಇಂತಿ,
ಒಬ್ಬ ಗ್ರಾಮಸಭಾ ಸದಸ್ಯೆ