ಬ್ಲ್ಯಾಕ್ ಬ್ಯೂಟಿ ಬರೆದವಳ ಬಗ್ಗೆ, ಮಂಜುಗೆ

ಪ್ರೀತಿಯ ಮಂಜು,

ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳುವ ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿಯನ್ನು ಮಗಳಿಗೆ ಓದಿ ಹೇಳುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ಅದರ ಗೆಳತಿ ಕುದುರೆ ಜಿಂಜರ್ ಸತ್ತ ಕಡೆ ಮಗಳು ಜೋರಾಗಿ ಅತ್ತಳು, ಇಲ್ಲಿಗೇ ನಿಲ್ಲಿಸಿಬಿಡಲಾ ಅಂತ ಕೇಳಿದ್ದೀಯ. ನಿಲ್ಲಿಸಬೇಡ ಮಾರಾಯ. ಅವಳಿಗೆ ಕುದುರೆಗಾಡಿ ಓಡಿಸುವವರ ಮೇಲೆಲ್ಲ ಕೋಪ ಬಂದಿದೆ ಅಂದೆಯಲ್ಲ, ನನಗೆ ಕಾಡಿದ್ದು ಅದು.

ಬರೆದವಳು ಅನ್ನಾ ಸ್ಯೂಯೆಲ್. ಹುಟ್ಟಿದ್ದು 1820ರಲ್ಲಿ, ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಎಂಬ ಕಡಲತೀರದ ಊರಿನಲ್ಲಿ. ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. 14ನೇ ವಯಸ್ಸಿನಲ್ಲಿ ಮಳೆಯಲ್ಲಿ ಶಾಲೆಯಿಂದ ಮನೆಗೆ ಬರುವಾಗ ಜಾರಿ ಬಿದ್ದಳು. ಪಾದದ ಕೀಲುಗಳಿಗೆ ಆದ ಪೆಟ್ಟು ಕೊನೆತನಕ ವಾಸಿಯಾಗಲೇ ಇಲ್ಲ. ನಡೆಯಲು ಊರುಗೋಲು ಬೇಕಾಗುತ್ತಿತ್ತು. ಜಾಸ್ತಿ ದೂರ ಹೋಗಬೇಕಿದ್ದರೆ ಕುದುರೆಗಾಡಿಯೇ ಗತಿ. ಅಪ್ಪನನ್ನು ರೈಲು ನಿಲ್ದಾಣಕ್ಕೆ ಬಿಟ್ಟು ಬರುತ್ತಿದ್ದವಳೂ ಅವಳೇ. ಲಗಾಮು ಸಡಿಲ ಬಿಟ್ಟು, ಕುದುರೆಯ ಜೊತೆ ಮಾತಾಡುತ್ತಲೇ ಗಾಡಿ ಓಡಿಸುತ್ತಿದ್ದಳಂತೆ. ತನ್ನ ಕಾಲಿನ ಕೆಲಸವನ್ನು ಬೇರೊಂದು ಜೀವ ಮಾಡುತ್ತಿದೆ ಅನ್ನುವುದು ದಿನವೂ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ?

ಅಮ್ಮ ಮೇರಿ ಆಗಲೇ ಹೆಸರಾದ ಲೇಖಕಿ. ಅಮ್ಮನ ಪದ್ಯಗಳನ್ನು ಓದಿ ತಿದ್ದುತ್ತಿದ್ದವಳು ಅನ್ನಾ. ತಾನು ಬರೆದದ್ದು ಇದೊಂದೇ ಪುಸ್ತಕ. 1871ರಲ್ಲಿ ಶುರುಮಾಡಿದಾಗ ಆರೋಗ್ಯ ಪೂರ್ತಿ ಕೆಟ್ಟಿತ್ತು. ನಾರಿಚ್ ಹತ್ತಿರದ ಓಲ್ಡ್ ಕ್ಯಾಟನ್ ಮನೆಯಲ್ಲಿ ಮಲಗಿಕೊಂಡೇ ಒಂದಿಷ್ಟು ಹೇಳಿ ಬರೆಸಿದಳು. ಕೈಲಾದ ದಿನ ಚೀಟಿಗಳ ಮೇಲೆ ಪೆನ್ಸಿಲಿನಲ್ಲಿ ಬರೆದಳು. ಅಮ್ಮ ಅದನ್ನೆಲ್ಲ ಪ್ರತಿ ಮಾಡಿಕೊಟ್ಟಳು. ಆರು ವರ್ಷ ಹೀಗೇ ನಡೆದು, 1877ರ ನವೆಂಬರಿನಲ್ಲಿ ನಾರಿಚ್‌ನ ಜ್ಯಾರಲ್ಡ್ ಸಂಸ್ಥೆ ಪುಸ್ತಕ ಹೊರತಂದಿತು. ಐದು ತಿಂಗಳಿಗೆ ಅನ್ನಾ ತೀರಿಕೊಂಡಳು.

ಅವಳ ಮನಸ್ಸಿನಲ್ಲಿದ್ದ ಓದುಗರು ಮಕ್ಕಳಲ್ಲ. ಗಾಡಿ ಓಡಿಸುವವರು, ಲಾಯದಲ್ಲಿ ದುಡಿಯುವವರು. ಆಗ ಸಿರಿವಂತರ ಗಾಡಿಗಳಲ್ಲಿ ‘ಬೇರಿಂಗ್ ರೇನ್’ ಅಂತ ಒಂದು ಪಟ್ಟಿ ಕಟ್ಟುತ್ತಿದ್ದರು. ಕುದುರೆ ಸದಾ ತಲೆ ಎತ್ತಿ ಠೀವಿಯಿಂದ ಕಾಣಬೇಕು, ಅಷ್ಟೇ ಅದರ ಉಪಯೋಗ. ಏರು ಹತ್ತುವಾಗ ಕುದುರೆ ತಲೆ ತಗ್ಗಿಸಿ ಮೈಭಾರವನ್ನು ಮುಂದಕ್ಕೆ ಹಾಕಬೇಕು. ಆ ಪಟ್ಟಿ ಅದಕ್ಕೆ ಬಿಡುವುದಿಲ್ಲ. ಕತ್ತು ನೋಯುತ್ತದೆ, ಬಾಯಿ ಹರಿಯುತ್ತದೆ, ಉಸಿರು ಕಟ್ಟುತ್ತದೆ. ಇದನ್ನು ಅನ್ನಾ ಕುದುರೆಯ ಬಾಯಲ್ಲೇ ಹೇಳಿಸಿದಳು. ಅವಳ ಶವಯಾತ್ರೆಯ ಕುದುರೆಗಳಿಗೂ ಅದೇ ಪಟ್ಟಿ ಕಟ್ಟಿದ್ದರಂತೆ. ಅಮ್ಮ ಅದನ್ನು ನೋಡಿ, ಮೊದಲು ಬಿಚ್ಚಿ ಎಂದಳಂತೆ. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲೂ ಅಮ್ಮನಿಗೆ ಅದು ಕಂಡಿತಲ್ಲ, ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಈಗ ಮಗಳ ಕೋಪದ ವಿಷಯ. ನಿನ್ನ ಪುಸ್ತಕದಲ್ಲಿ ಸೀಡಿ ಸ್ಯಾಮ್ ಇದ್ದಾನಾ ನೋಡು. ಜಿಂಜರ್ ಸಾಯುವ ಅಧ್ಯಾಯದ ಹಿಂದಿನದೇ ಅವನದು. ಲಂಡನ್ನಿನ ಬಡ ಗಾಡಿಯವನು. ಗಾಡಿಗೂ ಎರಡು ಕುದುರೆಗಳಿಗೂ ಸೇರಿ ದಿನಕ್ಕೆ 18 ಶಿಲಿಂಗ್ ಬಾಡಿಗೆಯನ್ನು ಮಾಲೀಕನಿಗೆ ಕಟ್ಟಬೇಕು. ಅಷ್ಟು ಹುಟ್ಟಿದ ಮೇಲೆ ಬಂದದ್ದು ಮಾತ್ರ ಅವನ ಹೆಂಡತಿ ಮಕ್ಕಳ ಅನ್ನಕ್ಕೆ. ಸುಸ್ತಾದ ಕುದುರೆಗೆ ಚಾಟಿ ಬೀಸದೆ ಬೇರೆ ದಾರಿಯಿಲ್ಲ ಅಂತ ಅವನೇ ಗೋಳಾಡುತ್ತಾನೆ. ಕೆಲವೇ ದಿನದಲ್ಲಿ ಅವನೂ ಸಾಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಜಿಂಜರ್ ಹೇಳುವುದೂ ಅದನ್ನೇ: ನನ್ನನ್ನು ಓಡಿಸುವವನು ಮಾಲೀಕನಿಗೆ ತುಂಬಾ ದುಡ್ಡು ಕಟ್ಟಬೇಕು, ಅದನ್ನು ನನ್ನ ಮೈಯಿಂದಲೇ ಹಿಂಡಿಕೊಳ್ಳುತ್ತಾನೆ. ಮೊದಲು ಮನುಷ್ಯನ ಸಾವು, ಅದರ ಬೆನ್ನಿಗೇ ಕುದುರೆಯದು. ಅನ್ನಾ ಇವೆರಡನ್ನೂ ಪಕ್ಕಪಕ್ಕ ಇಟ್ಟದ್ದು ಸುಮ್ನೆ ಅಲ್ಲ. ಸ್ಯಾಮ್‌ನನ್ನು ತೆಗೆದುಹಾಕಿದರೆ ಗಾಡಿಯವನು ಬರೀ ಕ್ರೂರಿ ಆಗಿಬಿಡುತ್ತಾನೆ.

ಅಮೆರಿಕದಲ್ಲಿ 1890ರಲ್ಲಿ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾ ಸಂಘದವರು ಇದನ್ನು ಅಗ್ಗದ ಬೆಲೆಗೆ ಅಚ್ಚುಹಾಕಿಸಿ ಗಾಡಿಯವರಿಗೂ ಲಾಯದವರಿಗೂ ಹಂಚಿದರು. ಅನ್ನಾ ಬಯಸಿದ್ದು ಅಂಥವರ ಕೈಗೆ ಸೇರಲಿ ಅಂತಲೇ.

ನಿನ್ನದು ಸ್ಯಾಮ್‌ನನ್ನು ಬಿಟ್ಟ ಸಂಕ್ಷಿಪ್ತ ಪುಸ್ತಕವಾಗಿದ್ದರೆ ಪಕ್ಕಕ್ಕಿಡು. ಮೂಲದಲ್ಲಿ 49 ಅಧ್ಯಾಯಗಳಿವೆ, ಒಂದೊಂದೂ ಚಿಕ್ಕದು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 39ನೇ ಅಧ್ಯಾಯ ತೆಗೆದು, ಸ್ಯಾಮ್‌ನ ಮಾತನ್ನು ಅವಳಿಗೆ ನಿಧಾನಕ್ಕೆ ಓದಿ ಹೇಳು. ಅವಳು ಏನಂದಳು ಅಂತ ನನಗೆ ಬರಿ.

ನಿನ್ನ,
ರಘು